ಪಿಕಪ್‌ನ ಹಿಂದಿನ ಕಿಟಕಿಯಿಂದ ನೀರು, ಜೊತೆಗೆ ಶಿಳ್ಳೆ: ಸಿಲಿಕೋನ್ ಟ್ಯೂಬ್ ಕೆಳಗಿಡಿ, ಡೋರ್ ಪ್ಯಾಡ್ ಬಿಚ್ಚಿ

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರ ಕಾಫಿ ತೋಟ. ಎಂಟು ವರ್ಷ ಹಳೆಯ ಡಬಲ್ ಕ್ಯಾಬ್ ಪಿಕಪ್ ಇದೆ. ಮಳೆ ಹಿಡಿಯಿತೆಂದರೆ ಹಿಂದಿನ ಎಡ ಬಾಗಿಲ ಹತ್ತಿರ ಕಾರ್ಪೆಟ್ ಒದ್ದೆಯಾಗುತ್ತದೆ, ವಾಸನೆ ಬೇರೆ. ಹಾಸನದ ಕಡೆ ಹೋಗುವಾಗ 80 ದಾಟಿದರೆ ಅದೇ ಕಿಟಕಿಯಿಂದ ಶಿಳ್ಳೆ. ತೋಟದ ರಸ್ತೆಯಲ್ಲಿ ಗ್ಲಾಸ್ ಗಡಗಡ ಅನ್ನುತ್ತದೆ. ಒಬ್ಬ ಮೆಕ್ಯಾನಿಕ್ ಆ ಬಾಗಿಲಿನ ಹಿಂತುದಿಯಲ್ಲಿರುವ, ಏರಿಳಿಯದ ಸಣ್ಣ ಗ್ಲಾಸಿನ ಸುತ್ತ ಸಿಲಿಕೋನ್ ಹಚ್ಚಿದರು. ನೀರು ನಿಲ್ಲಲಿಲ್ಲ. ಇನ್ನೊಬ್ಬರು ನಾಲ್ಕೂ ಬಾಗಿಲಿನ ಬೀಡಿಂಗ್ (ಸುತ್ತಲ ರಬ್ಬರ್ ಪಟ್ಟಿ) ಬದಲಿಸಬೇಕು ಅನ್ನುತ್ತಾರೆ. ಹೋದ ವರ್ಷ ಹಿಂದಿನ ಬಾಗಿಲುಗಳಿಗೆ ಸ್ಪೀಕರ್, ಕಿಟಕಿಗಳಿಗೆ ಮಳೆ ವೈಸರ್ ಹಾಕಿಸಿದ್ದೆವು. ಏನು ಮಾಡಲಿ?

ಉತ್ತರ: ಬೀಡಿಂಗ್‌ಗೆ ದುಡ್ಡು ಹಾಕುವ ಮುಂಚೆ ನಿಮ್ಮದೇ ಪತ್ರದ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ಸ್ಪೀಕರ್ ಮತ್ತು ವೈಸರ್. ನೀರಿಗೆ ಮೊದಲನೆಯದು, ಶಿಳ್ಳೆಗೆ ಎರಡನೆಯದು ಕಾರಣ ಇರಬಹುದು ಅನ್ನುವುದು ನನ್ನ ಮೊದಲ ಅನುಮಾನ. ಹಾಗಂತ ಗಾಡಿ ನೋಡದೆ ತೀರ್ಪು ಕೊಡಲು ಆಗುವುದಿಲ್ಲ. ನೀವೇ ಮನೆಯಲ್ಲಿ ಪರೀಕ್ಷೆ ಮಾಡಿ ತಿಳಿಯಬಹುದು. ಅದಕ್ಕೆ ಬಾಗಿಲು ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಗೊತ್ತಿರಬೇಕು.

ತುಂಬಾ ಜನ ಕಿಟಕಿ ಗ್ಲಾಸೇ ನೀರನ್ನು ತಡೆಯುತ್ತದೆ ಅಂದುಕೊಂಡಿದ್ದಾರೆ. ಹಾಗಲ್ಲ. ಏರಿಳಿಯುವ ಗ್ಲಾಸ್ ಇರುವ ಪ್ರತಿ ಬಾಗಿಲಿನೊಳಗೂ ಮಳೆ ನೀರು ಹೋಗೇ ಹೋಗುತ್ತದೆ. ಹೊಸ ಗಾಡಿಯಲ್ಲೂ ಹೋಗುತ್ತದೆ. ಗ್ಲಾಸಿನ ಬುಡದಲ್ಲಿ ಹೊರಗಡೆ ಒಂದು ಉದ್ದ ರಬ್ಬರ್ ಪಟ್ಟಿ ಇರುತ್ತದಲ್ಲ, ಅದರ ಕೆಲಸ ನೀರನ್ನು ಒರೆಸುವುದು. ಒಂದಿಷ್ಟು ನೀರು ಅದನ್ನು ದಾಟಿ ಎರಡು ತಗಡಿನ ನಡುವಿನ ಪೊಳ್ಳಿಗೆ ಇಳಿಯುತ್ತದೆ, ಬಾಗಿಲಿನ ತಳದಲ್ಲಿರುವ ಸಣ್ಣ ತೂತುಗಳಿಂದ ಹೊರಗೆ ಹೋಗುತ್ತದೆ. ಕಂಪನಿಯವರು ಹೀಗೇ ಆಗಲಿ ಎಂದೇ ಮಾಡಿರುತ್ತಾರೆ.

ಹಾಗಾದರೆ ಆ ನೀರು ಒಳಗೆ ಕೂತವರ ಕಾಲಿಗೆ ಯಾಕೆ ಬರುವುದಿಲ್ಲ? ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಬದಿಯ ಹೊದಿಕೆ, ಅದರ ಹಿಂದೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ, ಅದಕ್ಕೆ. ಒಳಗಿನ ತಗಡಿನಲ್ಲಿ ಗ್ಲಾಸ್ ಏರಿಳಿಸುವ ವಿಂಡೋ ಮಷೀನ್ ಕೂರಿಸಲು, ಕೈ ಹಾಕಲು ದೊಡ್ಡ ದೊಡ್ಡ ಕಿಂಡಿಗಳಿರುತ್ತವೆ. ಅವೆಲ್ಲವನ್ನೂ ಆ ಹಾಳೆ ಮುಚ್ಚುತ್ತದೆ. ಅಂಚಿಗೆ ಕಪ್ಪಗೆ, ಜಿಗುಟಾಗಿ, ಹಗ್ಗದ ಹಾಗೆ ಇರುವ ಬ್ಯುಟೈಲ್ ಅಂಟು. ಹಾಳೆಗೆ ಸಿಡಿದ ನೀರು ಜಾರಿ ಮತ್ತೆ ಪೊಳ್ಳಿಗೇ ಬೀಳಬೇಕು. ಇಡೀ ಬಾಗಿಲಿನಲ್ಲಿ ಅತಿ ಅಗ್ಗದ ವಸ್ತು ಇದೇ. ಮಲೆನಾಡಿನ ಮಳೆಯಲ್ಲಿ ನಿಮ್ಮ ಕಾರ್ಪೆಟ್ ಕಾಯುವುದೂ ಇದೇ.

ಸ್ಪೀಕರ್ ಹಾಕುವ ಹುಡುಗರು ಮೊದಲು ಹರಿಯುವುದೇ ಈ ಹಾಳೆಯನ್ನು. ಕೆಲಸದ ಅವಸರ. ಬ್ಲೇಡಿನಲ್ಲಿ ದುಂಡಗೆ ಕೊಯ್ದು ವೈರ್ ಎಳೆಯುತ್ತಾರೆ, ಕೆಳಗಿನ ಅಂಚು ಕಿತ್ತು ಬಂದರೆ ಹಾಗೇ ಬಿಟ್ಟು ಪ್ಯಾಡ್ ಮುಚ್ಚುತ್ತಾರೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಮುಂದಿನ ಮಳೆಗೆ ನೀರು ಹಾಳೆಯ ತೂತಿನಿಂದ ಪ್ಯಾಡಿನ ಹಿಂದೆ ಇಳಿದು, ಹೊಸ್ತಿಲ ಮೇಲೆ ಹರಿದು, ಕಾರ್ಪೆಟ್ ಅಡಿ ಸೇರುತ್ತದೆ. ಗಾಡಿಯವರು ಗ್ಲಾಸ್ ಲೀಕ್ ಅನ್ನುತ್ತಾರೆ, ಮೆಕ್ಯಾನಿಕ್ ಗ್ಲಾಸಿಗೆ ಸಿಲಿಕೋನ್ ಹಚ್ಚುತ್ತಾರೆ. ಲೀಕ್ ಇರುವ ಜಾಗ ಅದಕ್ಕಿಂತ ಒಂದೂವರೆ ಅಡಿ ಕೆಳಗೆ, ಒಳಗಡೆ.

ಆದ್ದರಿಂದ ಮೊದಲ ಕೆಲಸ ಎಡ ಹಿಂಬಾಗಿಲಿನ ಪ್ಯಾಡ್ ಬಿಚ್ಚುವುದು. ಹಿಡಿಕೆಯ ಕುಳಿಯಲ್ಲಿ ಒಂದು ಸ್ಕ್ರೂ, ಲಾಕ್ ಎಳೆಯುವ ಲಿವರ್ ಹಿಂದೆ ಒಂದು ಸ್ಕ್ರೂ ಸಾಮಾನ್ಯವಾಗಿ ಇರುತ್ತವೆ. ಎರಡಕ್ಕೂ ಮೇಲೆ ಸಣ್ಣ ಮುಚ್ಚಳ ಇರಬಹುದು. ಉಳಿದದ್ದು ಅಂಚಿನ ಕ್ಲಿಪ್‌ಗಳು. ಸ್ಕ್ರೂಡ್ರೈವರ್ ತೂರಿಸಿದರೆ ಪೇಂಟ್ ಹೋಗುತ್ತದೆ, ಪ್ಲಾಸ್ಟಿಕ್ ಪಟ್ಟಿ ಬಳಸಿ. ಹಳೆಯ ಕ್ಲಿಪ್ ಒಂದೆರಡು ಮುರಿದೇ ಮುರಿಯುತ್ತವೆ, ಮುಂಚೆಯೇ ಹತ್ತು ತಂದಿಟ್ಟುಕೊಳ್ಳಿ. ಪ್ಯಾಡ್ ಬಂದ ಮೇಲೆ ಹಿಂಬದಿ ನೋಡಿ. ಕೆಳಗೆ ನೀರಿನ ಕಲೆ, ಉಬ್ಬಿದ ಹಲಗೆ, ಬೂಷ್ಟು ಕಂಡರೆ ಕಳ್ಳ ಸಿಕ್ಕಿದ ಹಾಗೇ.

ಹಾಳೆ ಒಂದೆರಡು ಕಡೆ ಮಾತ್ರ ಹರಿದಿದ್ದರೆ ಅಗಲದ ಬ್ಯುಟೈಲ್ ಟೇಪ್ ಹಚ್ಚಿ ಮುಚ್ಚಬಹುದು. ಜಾಸ್ತಿ ಹರಿದಿದ್ದರೆ ಹೊಸದು ಮಾಡಿ. ಕಂಪನಿ ಹಾಳೆಯೇ ಬೇಕು ಅಂತೇನಿಲ್ಲ. ಗಟ್ಟಿ ಪಾಲಿಥೀನ್ ಶೀಟ್ ತಂದು ಹಳೆಯದನ್ನು ಅಳತೆಗೆ ಇಟ್ಟು ಕತ್ತರಿಸಿ. ಹೆಡ್‌ಲೈಟ್ ಕೂರಿಸುವ ಬ್ಯುಟೈಲ್ ಹಗ್ಗವೇ ಇದಕ್ಕೂ ಸಾಕು, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿ. ತಗಡನ್ನು ಒರೆಸಿ ಪೂರ್ತಿ ಒಣಗಿಸಿದ ಮೇಲೆ ಅಂಟಿಸಿ. ಒದ್ದೆ ತಗಡಿಗೆ ಬ್ಯುಟೈಲ್ ಹಿಡಿಯುವುದಿಲ್ಲ. ಕೆಳಗಿನ ಅಂಚಿಗೆ ಜಾಸ್ತಿ ಗಮನ ಕೊಡಿ, ಅಲ್ಲಿ ಒಂದು ಬೆರಳಿನಷ್ಟು ಬಾಯಿ ಬಿಟ್ಟಿದ್ದರೂ ಕೆಲಸ ಕೆಟ್ಟಿತು.

ಸ್ಪೀಕರ್ ಕಡೆಗೂ ನೋಡಿ. ಅದರ ಕೆಳಗೆ ಮರದ ಪುಡಿ ಹಲಗೆಯ ಬಳೆ ಹಾಕಿದ್ದರೆ ಕಿತ್ತು ಬಿಸಾಕಿ. ಅದು ನೀರು ಕುಡಿದು ಉಬ್ಬುತ್ತದೆ, ಬತ್ತಿಯ ಹಾಗೆ ನೀರನ್ನು ಒಳಗೂ ಎಳೆಯುತ್ತದೆ. ಪ್ಲಾಸ್ಟಿಕ್ ಬಳೆ ಹಾಕಿ, ಬಳೆ ಮತ್ತು ತಗಡಿನ ನಡುವೆ ಬ್ಯುಟೈಲ್ ಇಡಿ. ಸ್ಪೀಕರ್ ಹಿಂಬದಿಗೆ ಮೇಲಿಂದ ಇಳಿಯುವ ನೀರು ತಾಗದ ಹಾಗೆ ಒಂದು ಪ್ಲಾಸ್ಟಿಕ್ ಟೋಪಿ ಸಿಗುತ್ತದೆ, ಅದನ್ನೂ ಹಾಕಿಸಿ. ವೈರ್ ಹಾಳೆಯನ್ನು ದಾಟುವ ಮುಂಚೆ ಸ್ವಲ್ಪ ಜೋತು ಬಿದ್ದು ಆಮೇಲೆ ಮೇಲೇರಬೇಕು. ಇಲ್ಲದಿದ್ದರೆ ವೈರ್ ಹಿಡಿದೇ ನೀರು ಒಳಗೆ ಬರುತ್ತದೆ.

ಪ್ಯಾಡ್ ಬಿಚ್ಚಿದಾಗಲೇ ಬಾಗಿಲಿನ ತಳದ ತೂತುಗಳನ್ನು ಹುಡುಕಿ. ಮಣ್ಣು, ಕೊಳೆತ ಎಲೆ, ಕೆಲವೊಮ್ಮೆ ತುಕ್ಕು ಹಿಡಿಯಬಾರದು ಅಂತ ಸಿಂಪಡಿಸಿದ ಕಪ್ಪು ಕೋಟಿಂಗೇ ಅವನ್ನು ಮುಚ್ಚಿಬಿಟ್ಟಿರುತ್ತದೆ. ಬಾಗಿಲು ಜೋರಾಗಿ ತೆಗೆದರೆ ಒಳಗೆ ನೀರು ಕುಲುಕಾಡುವ ಸದ್ದು ಬಂದರೆ ಅಲ್ಲಿಗೆ ಅರ್ಥವಾಯಿತು. ಪ್ಲಾಸ್ಟಿಕ್ ಕಡ್ಡಿಯಲ್ಲಿ ಚುಚ್ಚಿ ಬಿಡಿಸಿ. ತಂತಿಯಾದರೆ ಪೇಂಟ್ ಕೆರೆದು ತುಕ್ಕಿಗೆ ದಾರಿಯಾಗುತ್ತದೆ.

ತೋಟದವರಿಗೆ ಒಂದು ವಿಶೇಷ ಪ್ರಶ್ನೆ. ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸುತ್ತೀರಾ? ಗಾಡಿ ಮುಂದಕ್ಕೆ ವಾಲಿ ನಿಂತಿದ್ದರೆ ಬಾಗಿಲಿನೊಳಗಿನ ನೀರು ಮುಂದಿನ ಮೂಲೆಗೆ ಸೇರುತ್ತದೆ. ಆ ಮೂಲೆಯಲ್ಲಿ ತೂತು ಇರದಿದ್ದರೆ, ಉಳಿದ ತೂತುಗಳು ಸರಿ ಇದ್ದರೂ ನೀರು ಅಲ್ಲೇ ನಿಂತು ಹಾಳೆಯ ಅಂಚಿನವರೆಗೆ ಏರಬಹುದು. ಬಯಲಿನಲ್ಲಿ ಲೀಕ್ ಆಗದ ಗಾಡಿ ಘಟ್ಟದಲ್ಲಿ ಲೀಕ್ ಆಗುವುದಕ್ಕೆ ಇದೂ ಒಂದು ಕಾರಣ. ಮಳೆಗಾಲದಲ್ಲಿ ಸಮತಟ್ಟು ಜಾಗ ನೋಡಿ ನಿಲ್ಲಿಸಿ, ಆಗದಿದ್ದರೆ ಒಂದು ದಿನ ತಿರುಗಿಸಿ ನಿಲ್ಲಿಸಿ ವ್ಯತ್ಯಾಸ ನೋಡಿ.

ಈಗ ನೀರಿನ ಪರೀಕ್ಷೆ. ವಾಟರ್ ಸರ್ವಿಸ್‌ನ ಪ್ರೆಶರ್ ಗನ್ ಬೇಡ, ಆ ರಭಸಕ್ಕೆ ಸರಿ ಇರುವ ರಬ್ಬರೂ ದಾರಿ ಬಿಡುತ್ತದೆ. ಮನೆಯ ಪೈಪ್ ಸಾಕು, ನಳ ಸಣ್ಣಗೆ ತಿರುಗಿಸಿ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಬೇಕು. ಹಾಳೆ ಅಂಟಿಸಿದೆ, ಪ್ಯಾಡ್ ಮಾತ್ರ ಹಾಕಿಲ್ಲ ಅನ್ನುವ ಸ್ಥಿತಿಯಲ್ಲಿ ಮಾಡಿ. ನೀರು ಬಿಡುವುದು ಕೆಳಗಿನಿಂದ ಮೇಲಕ್ಕೆ. ಮೊದಲು ಬಾಗಿಲಿನ ಕೆಳ ಅಂಚು, ಆಮೇಲೆ ಗ್ಲಾಸಿನ ಬುಡ, ಆಮೇಲೆ ಸಣ್ಣ ಗ್ಲಾಸ್, ಕೊನೆಗೆ ಚಾವಣಿ. ಪ್ರತಿ ಜಾಗಕ್ಕೂ ಎರಡು ಮೂರು ನಿಮಿಷ ಕೊಡಿ. ಮೇಲಿನಿಂದ ಶುರು ಮಾಡಿದರೆ ಎಲ್ಲಾ ಒಂದೇ ಸಲ ಒದ್ದೆಯಾಗಿ ಏನೂ ಗೊತ್ತಾಗುವುದಿಲ್ಲ. ಅನುಮಾನ ಇರುವ ಕಡೆ ಒಳಗೆ ಟಾಲ್ಕಂ ಪೌಡರ್ ಉದುರಿಸಿ, ನೀರು ಬಂದ ದಾರಿ ಗೆರೆ ಎಳೆದ ಹಾಗೆ ಕಾಣುತ್ತದೆ.

ಸಣ್ಣ ಗ್ಲಾಸಿನ ಮುಂಭಾಗದ ಕೆಳ ಮೂಲೆ, ಅಂದರೆ ಎರಡು ಗ್ಲಾಸುಗಳ ನಡುವಿನ ಕಂಬ ಬಂದು ಸೇರುವ ಜಾಗ, ನಿಜಕ್ಕೂ ಸೋರುವ ಜಾಗವೇ. ಅಲ್ಲಿ ನೀರು ಕಂಡರೆ ಆ ಮೆಕ್ಯಾನಿಕ್ ಅನುಮಾನ ಸರಿ, ಮದ್ದು ತಪ್ಪು. ಮನೆಗೆಲಸದ ಸಿಲಿಕೋನ್‌ಗಳಲ್ಲಿ ವಿನೆಗರ್ ವಾಸನೆ ಬರುವ ಜಾತಿ ಒಂದಿದೆ. ಅದು ಒಣಗುವಾಗ ಅಸಿಟಿಕ್ ಆಸಿಡ್ ಬಿಡುತ್ತದೆ, ಪೇಂಟ್ ಹೋದ ತಗಡಿಗೆ ತುಕ್ಕು ಹಿಡಿಸುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಸಿಲಿಕೋನ್ ಅಂಟಿದ ಜಾಗಕ್ಕೆ ಆಮೇಲೆ ಬೇರೆ ಸೀಲೆಂಟ್ ಆಗಲಿ ಪೇಂಟ್ ಆಗಲಿ ಸರಿಯಾಗಿ ಹಿಡಿಯುವುದಿಲ್ಲ. ಟಿಂಕರಿಂಗ್‌ನವರು ಸಿಲಿಕೋನ್ ಕಂಡರೆ ಬಯ್ಯುವುದು ಸುಮ್ನೆ ಅಲ್ಲ. ಮೊದಲು ಅದನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಲ್ಲಿ ಪೂರ್ತಿ ಕೆರೆದು ತೆಗೆಯಬೇಕು.

ಆಮೇಲಿನ ದಾರಿ ಆ ಗ್ಲಾಸ್ ಹೇಗೆ ಕೂತಿದೆ ಅನ್ನುವುದರ ಮೇಲೆ. ರಬ್ಬರ್ ಚೌಕಟ್ಟಿನಲ್ಲಿ ಕೂತಿದ್ದರೆ ದೊಡ್ಡ ಗ್ಲಾಸ್ ಏರಿಳಿಯುವ ದಾರಿಯ ಚಾನೆಲ್ ರಬ್ಬರ್ ಎಳೆದು, ನಡುವಿನ ಕಂಬದ ಸ್ಕ್ರೂ ಬಿಚ್ಚಿ, ಸಣ್ಣ ಗ್ಲಾಸನ್ನು ರಬ್ಬರ್ ಸಮೇತ ಮುಂದಕ್ಕೆ ಜಾರಿಸಿ ತೆಗೆಯಬಹುದು. ರಬ್ಬರ್ ಬಿರಿದಿದ್ದರೆ ಹೊಸದು. ಮೆತ್ತಗಿದ್ದರೆ ಅದರ ತೋಡು ತೊಳೆದು, ಗಟ್ಟಿಯಾಗದ ಬ್ಯುಟೈಲ್ ಸೀಲೆಂಟ್ ತೆಳುವಾಗಿ ಹಚ್ಚಿ ಕೂರಿಸಿ. ಪೇಸ್ಟಿಂಗ್ ಗ್ಲಾಸ್, ಅಂದರೆ ನೇರ ತಗಡಿಗೇ ಅಂಟಿಸಿದ್ದು, ಆದರೆ ನೀವು ಕೈ ಹಾಕಬೇಡಿ. ವಿಂಡ್‌ಶೀಲ್ಡ್ ಹಾಕುವವರ ಹತ್ತಿರ ಹೋಗಿ, ಪ್ರೈಮರ್ ಹಚ್ಚಿ ಪಿಯು (ಪಾಲಿಯುರೆಥೇನ್) ಸೀಲೆಂಟ್‌ನಲ್ಲೇ ಕೂರಿಸಲು ಹೇಳಿ. ಅದು ಒಣಗುವವರೆಗೆ ಎಲ್ಲಾ ಕಿಟಕಿ ಮುಚ್ಚಿ ಬಾಗಿಲು ಬಡಿಯಬೇಡಿ. ಒಳಗಿನ ಗಾಳಿಯ ಒತ್ತಡ ಹಸಿ ಅಂಟನ್ನು ಹೊರಕ್ಕೆ ತಳ್ಳುತ್ತದೆ. ಒಂದು ಕಿಟಕಿ ಎರಡು ಬೆರಳಷ್ಟು ಇಳಿಸಿಡಿ.

ಇಷ್ಟೆಲ್ಲಾ ಸರಿ ಇದ್ದೂ ಕಾರ್ಪೆಟ್ ಒದ್ದೆಯಾದರೆ ನೀರು ಬಾಗಿಲಿನಿಂದ ಬರುತ್ತಿಲ್ಲ. ಪಿಕಪ್‌ಗಳಲ್ಲಿ ಕ್ಯಾಬಿನ ಹಿಂಗೋಡೆಯೇ ಒಂದು ದೊಡ್ಡ ಅನುಮಾನಿತ. ಮೇಲಿನ ಬ್ರೇಕ್ ಲೈಟ್ ಹಿಂದಿನ ಸ್ಪಂಜು ಒಣಗಿ ಪುಡಿಯಾದರೆ ನೀರು ಒಳಪದರದ ಹಿಂದೆ ಇಳಿದು ಹಿಂದಿನ ಸೀಟಿನ ಕೆಳಗೆ ಬರುತ್ತದೆ. ಎಷ್ಟೋ ಗಾಡಿಗಳಲ್ಲಿ ಹಿಂಗೋಡೆಯಲ್ಲಿ ಕ್ಯಾಬಿನ ಗಾಳಿ ಹೊರಹೋಗಲು ರಬ್ಬರ್ ರೆಕ್ಕೆಗಳ ಕಿಂಡಿ ಇರುತ್ತದೆ, ಅದರ ಅಂಚೂ ಸೋರಬಹುದು. ಕ್ಯಾರಿಯರ್ ಹಾಕಿಸಲು ಚಾವಣಿಗೆ ಕೊರೆದ ತೂತುಗಳೂ ಇದೇ ಸಾಲಿಗೆ ಸೇರುತ್ತವೆ. ಎಲ್ಲ ನೀರೂ ಕೊನೆಗೆ ತಗ್ಗಿನಲ್ಲೇ ನಿಲ್ಲುವುದರಿಂದ ಬೈಗುಳ ಮಾತ್ರ ಹತ್ತಿರದ ಕಿಟಕಿಗೆ.

ಶಿಳ್ಳೆಯ ವಿಷಯಕ್ಕೆ ಬರೋಣ. 80 ದಾಟಿದ ಮೇಲೆ ಶುರು ಅಂದಿರಲ್ಲ, ಅದೇ ಒಂದು ಸುಳಿವು. ಗಾಡಿ ಓಡುವಾಗ ಪಕ್ಕದ ಕಿಟಕಿಗಳ ಹೊರಗೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಒಳಗೆ ಜಾಸ್ತಿ ಇರುತ್ತದೆ. ಈ ವ್ಯತ್ಯಾಸ ಗ್ಲಾಸನ್ನೂ ಬಾಗಿಲಿನ ಮೇಲಿನ ಚೌಕಟ್ಟನ್ನೂ ಹೊರಕ್ಕೆ ಎಳೆಯುತ್ತದೆ. ವೇಗ ಎರಡು ಪಟ್ಟಾದರೆ ಆ ಎಳೆತ ನಾಲ್ಕು ಪಟ್ಟು. ಗಂಟೆಗೆ 100 ಕಿ.ಮೀ.ನಲ್ಲಿ ಎದುರು ಗಾಳಿಯ ಒತ್ತಡ ಒಂದು ಚದರ ಮೀಟರಿಗೆ ಸುಮಾರು 47 ಕೆ.ಜಿ. ತೂಕದಷ್ಟು. ಅದರಲ್ಲಿ ಒಂದು ಪಾಲು ಕಿಟಕಿಯನ್ನು ಎಳೆದರೂ ಸಾಕು, ನಿಂತಾಗ ಮುಚ್ಚಿದ್ದ ಸಂದು ಓಡುವಾಗ ಬಾಯಿ ಬಿಡುತ್ತದೆ. ಆ ಸಣ್ಣ ಸಂದಿನಿಂದ ಒಳಗಿನ ಗಾಳಿ ನುಗ್ಗಿ ಹೋಗುವ ಸದ್ದೇ ಶಿಳ್ಳೆ. ಹಾಗಾಗಿ ಗ್ಯಾರೇಜಿನ ಅಂಗಳದಲ್ಲಿ ಬಾಗಿಲು ತಟ್ಟಿ ನೋಡಿ ಎಲ್ಲಾ ಸರಿ ಇದೆ ಅಂದರೆ ನಂಬಬೇಡಿ.

ಕಂಡುಹಿಡಿಯುವ ಅಗ್ಗದ ಸಾಧನ ಮಾಸ್ಕಿಂಗ್ ಟೇಪ್. ಬಾಗಿಲಿನ ಸುತ್ತಲ ಸಂದು, ಗ್ಲಾಸಿನ ಅಂಚು, ಸಣ್ಣ ಗ್ಲಾಸಿನ ಅಂಚು, ವೈಸರ್ ಅಂಚು, ಎಲ್ಲವನ್ನೂ ಹೊರಗಿನಿಂದ ಟೇಪ್ ಹಚ್ಚಿ ಮುಚ್ಚಿ. ಪೆಟ್ಟಿಗೆಗೆ ಹಚ್ಚುವ ಕಂದು ಟೇಪ್ ಬೇಡ, ಬಿಸಿಲಿಗೆ ಅದರ ಅಂಟು ಪೇಂಟ್ ಮೇಲೇ ಉಳಿಯುತ್ತದೆ. ಹೈವೇಗೆ ಹೋಗಿ ಶಿಳ್ಳೆ ಬರುವ ವೇಗದಲ್ಲೇ ಓಡಿಸಿ. ಸದ್ದು ನಿಂತರೆ ಒಂದೊಂದೇ ಕಡೆ ಟೇಪ್ ಕಿತ್ತು ಮತ್ತೆ ಓಡಿಸಿ. ಯಾವುದನ್ನು ಕಿತ್ತಾಗ ಶಿಳ್ಳೆ ವಾಪಸ್ ಬಂತೋ ಅದೇ ಜಾಗ. ಎಲ್ಲಾ ಮುಚ್ಚಿದರೂ ಶಿಳ್ಳೆ ಹಾಗೇ ಇದ್ದರೆ ಕಿಟಕಿ ನಿರಪರಾಧಿ. ಆಗ ಹಿಂದಿನ ರೋಲ್ ಬಾರ್, ಕ್ಯಾರಿಯರ್, ಟಾರ್ಪಾಲ್ ಕಟ್ಟುವ ಹಗ್ಗ ನೋಡಿ. ರೋಲ್ ಬಾರಿನ ಪೊಳ್ಳು ಪೈಪಿನಲ್ಲಿ ಒಂದು ಬೋಲ್ಟ್ ತೂತು ತೆರೆದಿದ್ದರೂ ಅದು ಕೊಳಲಾಗುತ್ತದೆ, ಕೇಳುವವರಿಗೆ ಮಾತ್ರ ಹಿಂದಿನ ಕಿಟಕಿಯಿಂದಲೇ ಬಂದಂತೆ ಅನ್ನಿಸುತ್ತದೆ.

ಹೈವೇ ದೂರ ಇದ್ದರೆ ಅಗರಬತ್ತಿ ಪರೀಕ್ಷೆ ಮಾಡಬಹುದು. ಎಲ್ಲಾ ಕಿಟಕಿ ಮುಚ್ಚಿ, ಬ್ಲೋವರ್ ಪೂರ್ತಿ ಇಟ್ಟು, ಹೊರಗಿನ ಗಾಳಿ ಒಳಬರುವ ಕಡೆಗೆ ಸ್ವಿಚ್ ತಿರುಗಿಸಿ. ಒಳಗಿನ ಗಾಳಿಯೇ ಸುತ್ತುತ್ತಿದ್ದರೆ ಒತ್ತಡ ಏರುವುದಿಲ್ಲ. ಗಾಳಿ ಬೀಸದ ಹೊತ್ತಿನಲ್ಲಿ ಹೊರಗಿನಿಂದ ಕಿಟಕಿಯ ಅಂಚಿನುದ್ದಕ್ಕೂ ಅಗರಬತ್ತಿ ನಿಧಾನವಾಗಿ ಸರಿಸಿ. ಹೊಗೆ ನೇರ ಏರುತ್ತಿದ್ದದ್ದು ಒಂದು ಕಡೆ ಪಕ್ಕಕ್ಕೆ ಚದುರಿದರೆ ಅಲ್ಲಿ ಸಂದು ಇದೆ. ಕಿಡಿ ರಬ್ಬರಿಗೆ ತಾಗದಿರಲಿ.

ನಿಮ್ಮ ಮಳೆ ವೈಸರ್ ಯಾವ ಜಾತಿಯದು ನೋಡಿ. ಹೊರಗೆ ಟೇಪಿನಲ್ಲಿ ಅಂಟಿಸಿದ್ದಾದರೆ ಟೇಪ್ ಬಿಟ್ಟ ಕಡೆ ಗುಂಯ್ ಅನ್ನಬಹುದು, ಅಷ್ಟೇ. ಗ್ಲಾಸ್ ಏರುವ ಚಾನೆಲ್ ರಬ್ಬರ್ ಒಳಗೇ ತೂರಿಸುವ ಜಾತಿಯಾದರೆ ಕಥೆ ಬೇರೆ. ಅದು ರಬ್ಬರನ್ನು ಪಕ್ಕಕ್ಕೆ ಒತ್ತುತ್ತದೆ, ಗ್ಲಾಸ್ ಮೇಲಿನ ತೋಡಿನಲ್ಲಿ ಪೂರ್ತಿ ಕೂರುವುದಿಲ್ಲ. ಶಿಳ್ಳೆಯೂ ಬರುತ್ತದೆ, ನೀರಿಗೂ ಜಾಗ ಆಗುತ್ತದೆ, ಮೋಟಾರಿಗೂ ಭಾರ. ಎಡ ಹಿಂದಿನದನ್ನು ತೆಗೆದು ಒಂದು ವಾರ ಓಡಿಸಿ ನೋಡಿ. ನನ್ನನ್ನು ಕೇಳಿದರೆ ಹಿಂದಿನ ಕಿಟಕಿಗೆ ವೈಸರ್ ಬೇಕೇ ಇಲ್ಲ.

ಬೀಡಿಂಗ್ ನಿಜಕ್ಕೂ ಸೋತಿದೆಯೇ ಅನ್ನುವುದಕ್ಕೆ ಕಾಗದ ಸಾಕು. ಪತ್ರಿಕೆಯ ಒಂದು ಪಟ್ಟಿಯನ್ನು ಬಾಗಿಲಿಗೂ ಬೀಡಿಂಗ್‌ಗೂ ನಡುವೆ ಇಟ್ಟು ಬಾಗಿಲು ಮುಚ್ಚಿ, ಎಳೆಯಿರಿ. ಬಿಗಿಯಾಗಿ ಬರಬೇಕು. ಅಂಗೈ ಅಗಲಕ್ಕೊಂದು ಕಡೆ ಹೀಗೆ ನೋಡುತ್ತಾ ಹೋಗಿ, ಬಲ ಬಾಗಿಲಿನ ಜೊತೆ ಹೋಲಿಸಿ. ಸುತ್ತಲೂ ಸಡಿಲವಾದರೆ ರಬ್ಬರ್ ಚಪ್ಪಟೆಯಾಗಿದೆ, ಆ ಒಂದು ಬಾಗಿಲಿನದನ್ನು ಬದಲಿಸಿ. ನಾಲ್ಕೂ ಯಾಕೆ? ಹಾಕುವಾಗ ಎಳೆದು ಹಾಕಬಾರದು, ಆಮೇಲೆ ಅದು ಕುಗ್ಗಿ ಮೂಲೆ ಬಿಡುತ್ತದೆ. ಜೋಡಣೆ ಕೆಳಗಡೆ ಬರಲಿ.

ಮೇಲಿನ ಹಿಂಮೂಲೆಯಲ್ಲಿ ಮಾತ್ರ ಸಡಿಲವಾದರೆ ರಬ್ಬರಿನ ತಪ್ಪಲ್ಲ, ಬಾಗಿಲು ಕೂರುವುದರಲ್ಲಿ ವ್ಯತ್ಯಾಸವಿದೆ. ಲೋಡ್ ಕಟ್ಟುವಾಗ ತೆರೆದ ಬಾಗಿಲಿಗೆ ಜೋತು ಬಿದ್ದು ಹತ್ತುತ್ತಾರಲ್ವಾ, ಅದರ ಫಲ. ಮೊದಲು ಬಾಗಿಲನ್ನು ಅರ್ಧ ತೆರೆದು ತುದಿ ಹಿಡಿದು ಎತ್ತಿ ನೋಡಿ. ಆಟ ಇದ್ದರೆ ಹಿಂಜ್ ಸವೆದಿದೆ. ಇಲ್ಲದಿದ್ದರೆ ಪಿಲ್ಲರ್ ಮೇಲಿನ ಸ್ಟ್ರೈಕರ್ (ಬಾಗಿಲಿನ ಲಾಕ್ ಬಂದು ಕಚ್ಚುವ ಕೊಂಡಿ) ಸುತ್ತ ಪೆನ್ಸಿಲ್ ಗುರುತು ಹಾಕಿ, ಬೋಲ್ಟ್ ಸಡಿಲಿಸಿ, ಒಂದು ಮಿ.ಮೀ. ಮಾತ್ರ ಒಳಕ್ಕೆ ಸರಿಸಿ ಬಿಗಿ ಮಾಡಿ. ಬಾಗಿಲು ಮುಚ್ಚಲು ಸ್ವಲ್ಪ ಬಿಗಿಯಾಗುತ್ತದೆ, ಎಷ್ಟೋ ಸಲ ಶಿಳ್ಳೆ ಅಲ್ಲಿಗೇ ನಿಲ್ಲುತ್ತದೆ. ಮೇಲಿನ ಚೌಕಟ್ಟನ್ನು ಮೊಣಕಾಲು ಕೊಟ್ಟು ಒಳಕ್ಕೆ ಬಗ್ಗಿಸುವ ಹಳೆ ಕೈಚಳಕವೂ ಇದೆ. ಅನುಭವಿ ಟಿಂಕರ್ ಮಾಡಲಿ, ನೀವು ಬೇಡ.

ಗಡಗಡ ಸದ್ದು ಬೇಗ ಮುಗಿಯುವ ವಿಷಯ. ಕೆಟ್ಟ ರಸ್ತೆಯಲ್ಲಿ ಗ್ಲಾಸನ್ನು ಪೂರ್ತಿ ಏರಿಸಿ, ಅರ್ಧ ಇಳಿಸಿ, ಪೂರ್ತಿ ಇಳಿಸಿ ಕೇಳಿ. ಅರ್ಧದಲ್ಲಿ ಜಾಸ್ತಿಯಾಗಿ ಕೈಯಲ್ಲಿ ಒತ್ತಿದರೆ ನಿಂತರೆ ಚಾನೆಲ್ ರಬ್ಬರ್ ಸವೆದಿದೆ, ಅಥವಾ ನಡುವಿನ ಕಂಬದ ಕೆಳಗಿನ ಸ್ಕ್ರೂ ಸಡಿಲ. ಪೂರ್ತಿ ಇಳಿಸಿದಾಗಲೂ ಬಂದರೆ ವಿಂಡೋ ಮಷೀನಿನ ಬೋಲ್ಟ್ ನೋಡಿ, ಪ್ಯಾಡ್ ಹೇಗೂ ಬಿಚ್ಚಿರುತ್ತೀರಿ. ಇದಕ್ಕೂ ಮುಂಚೆ ಸೀಟಿನ ಕೆಳಗಿನ ಜಾಕ್, ಪಾನೆ, ಪ್ಯಾಡಿಗೆ ಬಡಿಯುವ ಸೀಟ್ ಬೆಲ್ಟ್ ಕೊಂಡಿ ಒಮ್ಮೆ ಪರೀಕ್ಷಿಸಿ. ಗ್ಲಾಸ್ ಸದ್ದು ಅಂತ ಬರುವ ಗಾಡಿಗಳಲ್ಲಿ ಇವುಗಳ ಪಾಲು ನಗು ಬರುವಷ್ಟಿದೆ.

ಚಾನೆಲ್ ರಬ್ಬರನ್ನು ಬಟ್ಟೆ ಸುತ್ತಿದ ಸ್ಕೇಲಿನಲ್ಲಿ ಸೋಪು ನೀರು ಹಾಕಿ ಉಜ್ಜಿ, ಒಣಗಿಸಿ, ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಸ್ಪ್ರೇ ಬೇರೆ, ಮೇಲೆ ಹೇಳಿದ ಅಂಟು ಬೇರೆ. ಡೀಸೆಲ್, ಎಂಜಿನ್ ಆಯಿಲ್ ಮಾತ್ರ ಮುಟ್ಟಿಸಬೇಡಿ. ಬಾಗಿಲಿನ ಬೀಡಿಂಗ್ ಬಹುಪಾಲು ಇಪಿಡಿಎಂ ಅನ್ನುವ ಜಾತಿಯ ರಬ್ಬರ್, ಪೆಟ್ರೋಲಿಯಂ ಎಣ್ಣೆಗೆ ಅದು ಉಬ್ಬಿ ಮೆತ್ತಗಾಗುತ್ತದೆ. ಕೊಬ್ಬರಿ ಎಣ್ಣೆ ಜಿಗುಟಾಗಿ ದೂಳು ಹಿಡಿಯುತ್ತದೆ.

ಹೊರದೇಶದಲ್ಲಿ ಹಳೆಯ ಎಕ್ಸ್‌ಟೆಂಡೆಡ್ ಕ್ಯಾಬ್ ಪಿಕಪ್ ಇಟ್ಟುಕೊಂಡ ಓದುಗರಿಗೆ ಒಂದು ಮಾತು. ಅಲ್ಲಿ ಹಿಂದಿನ ಪಕ್ಕದ ಗ್ಲಾಸ್ ಕೆಲವು ಮಾಡೆಲ್‌ಗಳಲ್ಲಿ ಕೆಳಗಿಳಿಯುವುದಿಲ್ಲ, ಹಿಂದಿನ ಅಂಚು ಮಾತ್ರ ಹೊರಕ್ಕೆ ತೆರೆಯುತ್ತದೆ. ಅದರ ಹಿಂದೆ ಪೊಳ್ಳೂ ಇಲ್ಲ, ಹಾಳೆಯೂ ಇಲ್ಲ, ನೀರು ತಡೆಯುವುದು ಸುತ್ತಲ ರಬ್ಬರ್ ಒಂದೇ. ಆ ರಬ್ಬರ್ ಚಪ್ಪಟೆಯಾಗಿದ್ದು ಹೊಸದು ಸಿಗದಿದ್ದರೆ, ಒಳಗಿನ ಲ್ಯಾಚಿನ ಬುಡಕ್ಕೆ ತೆಳು ವಾಷರ್ ಕೊಟ್ಟು ಬಿಗಿ ಮಾಡಿ. ಲ್ಯಾಚ್ ಅಷ್ಟು ಒಳಕ್ಕೆ ಬಂದು ಗ್ಲಾಸನ್ನು ರಬ್ಬರಿಗೆ ಒತ್ತಿ ಹಿಡಿಯುತ್ತದೆ. ಅತಿ ಮಾಡಿದರೆ ಗ್ಲಾಸ್ ಒಡೆಯುತ್ತದೆ.

ಕೊನೆಗೆ ಕಾರ್ಪೆಟ್. ಮೇಲ್ಭಾಗ ಒಣಗಿದ ಹಾಗೆ ಕಂಡರೂ ಕೆಳಗಿನ ಫೋಮ್ ವಾರಗಟ್ಟಲೆ ನೀರು ಹಿಡಿದಿಟ್ಟಿರುತ್ತದೆ. ಹೊಸ್ತಿಲ ಪ್ಲಾಸ್ಟಿಕ್ ಬಿಚ್ಚಿ, ಕಾರ್ಪೆಟ್ ಎತ್ತಿ, ಫೋಮ್ ಒತ್ತಿ ನೋಡಿ. ಅದರ ಪಕ್ಕದಲ್ಲೇ ವೈರಿಂಗ್ ಹೋಗಿರುತ್ತದೆ, ಕನೆಕ್ಟರ್‌ಗಳಲ್ಲಿ ಹಸಿರು ಪಾಚಿಯಂಥದ್ದು ಕಂಡರೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಹಳದಿ ಕನೆಕ್ಟರ್ ಏರ್‌ಬ್ಯಾಗಿನದು, ಅದಕ್ಕೆ ಕೈ ಹಾಕಬೇಡಿ. ತಗಡಿನ ಜೋಡಣೆಗಳಲ್ಲಿ ತುಕ್ಕು ಕಂಡರೆ ಈಗಲೇ ಕೆರೆದು ಪ್ರೈಮರ್ ಹಚ್ಚಿ. ಕಾರ್ಪೆಟ್ ಪೂರ್ತಿ ಒಣಗಿದ ಮೇಲೂ ಆ ಕಡೆಯ ತುಂಡನ್ನು ಕೂಡಲೇ ಹಾಕಬೇಡಿ. ಎರಡು ಮೂರು ಜೋರು ಮಳೆ ಹೋಗಲಿ, ತಗಡಿನ ಮೇಲೆ ಪತ್ರಿಕೆ ಹಾಸಿಡಿ. ಪತ್ರಿಕೆ ಒಣಗೇ ಇದ್ದರೆ ಕಾರ್ಪೆಟ್ ಹಾಕಿ. ಒದ್ದೆಯಾದರೆ ಯಾವ ಮೂಲೆ ಮೊದಲು ಒದ್ದೆಯಾಯಿತು ನೋಡಿ ನನಗೆ ಬರೆಯಿರಿ.